ಬಣ್ಣ ತಪ್ಪಿದ ಸಾಲುಗಳು



ಕನ್ನಡ ಮೇಷ್ಟ್ರಿಗೂ ಕಂಪ್ಯೂಟರ್ ಪ್ರೋಗ್ರಾಮಿಗೂ ಎತ್ತಣ ಸಂಬಂಧವೆಂದು ನಿಮ್ಮಲ್ಲಿ ಕೆಲವರಾದರೂ ಕೇಳುವಿರೆಂದು ಬಲ್ಲೆ. ಸಂಬಂಧವಿದೆ. ಪ್ರೋಗ್ರಾಮ್ ಎಂಬುದೂ ಒಂದು ಬರಹವೇ. ಅದಕ್ಕೂ ವ್ಯಾಕರಣವುಂಟು, ಪದಗಳಿಗೆ ಸ್ಥಾನವುಂಟು, ತಪ್ಪಿದರೆ ಅರ್ಥಕೆಡುವ ಭಯವೂ ಉಂಟು. ನಿವೃತ್ತಿಯ ಬಳಿಕ ನಮ್ಮ ಗಡಿಸೀಮೆಯ ಮಾತುಗಳನ್ನು ಬರೆದಿಟ್ಟ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸುವ ಸಲುವಾಗಿ ನಾನು ಪೈತಾನ್ ಭಾಷೆಯನ್ನು ಒಂದಿಷ್ಟು ಕಲಿತೆ. ಆ ಅಲ್ಪ ವಿದ್ಯೆಯ ಬಲದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಬರೆಯಲು ಕಾರಣವೊಂದಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಉದ್ಯೋಗದಲ್ಲಿದ್ದಾನೆ. ಅವನ ಮಗಳು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ, ನಮ್ಮ ಜಿಲ್ಲೆಯ ಊರುಗಳ ಗೂಡಿನ ದರವನ್ನು ದಿನವಹಿ ದಾಖಲಿಸಿ ಕನ್ನಡದಲ್ಲಿ ತೋರಿಸುವ ಪ್ರೋಗ್ರಾಮೊಂದನ್ನು ಪರೀಕ್ಷೆಗೆ ಸಿದ್ಧಪಡಿಸುತ್ತಿದ್ದಳು. ಒಂದು ದಿನ ಅವಳ ಕೋಡ್ ಎಡಿಟರಿನಲ್ಲಿ ಕೆಲವು ಸಾಲುಗಳ ಬಣ್ಣ ಮಾಯವಾಯಿತು. ರಿಪೇರಿ ಅಂಗಡಿಯವರು, "ಲ್ಯಾಪ್‌ಟಾಪನ್ನು ಪೂರ್ತಿ ಫಾರ್ಮ್ಯಾಟ್ ಮಾಡಬೇಕು" ಎಂದರು. ಬಲ್ಲವರೆನಿಸಿದ ಇನ್ನೊಬ್ಬರು, "ಕನ್ನಡ ಹಾಕಿದ್ದರಿಂದಲೇ ಹೀಗಾಗಿದೆ, ಊರಿನ ಹೆಸರುಗಳನ್ನೆಲ್ಲ ಇಂಗ್ಲಿಷಿಗೆ ಬದಲಾಯಿಸು" ಎಂದರು. ಮೊದಲನೆಯ ಸಲಹೆಯನ್ನು ಪಾಲಿಸಿದ್ದರೆ ನಾಲ್ಕು ತಿಂಗಳ ಕೆಲಸ ಅಳಿಸಿಹೋಗುತ್ತಿತ್ತು. ಎರಡನೆಯದನ್ನು ಪಾಲಿಸಿದ್ದರೆ, ಕನ್ನಡವು ಯಂತ್ರಕ್ಕೆ ಒಗ್ಗದ ಭಾಷೆಯೆಂಬ ನಂಬಿಕೆಯೊಂದು ಅವಳಲ್ಲಿ ಶಾಶ್ವತವಾಗಿ ನೆಲೆಸುತ್ತಿತ್ತು. ಇವೆರಡರಲ್ಲಿ ಯಾವುದು ದೊಡ್ಡ ನಷ್ಟವೆಂದು ನನಗೆ ಈಗಲೂ ಹೇಳಲಾಗದು.

ಮೊದಲಿಗೆ ಈ ಬಣ್ಣವೆಂದರೇನು ಎಂಬುದನ್ನು ತಿಳಿಯೋಣ. ನನ್ನ ತರಗತಿಯಲ್ಲಿ ಕುಳಿತವರಿಗೆ ಕೆಂಪು-ನೀಲಿ ಸೀಸದಕಡ್ಡಿ ನೆನಪಿರಬಹುದು. ನಾಮಪದಕ್ಕೆ ನೀಲಿ ಗೆರೆ, ಕ್ರಿಯಾಪದಕ್ಕೆ ಕೆಂಪು ಗೆರೆ. ಗೆರೆ ಎಳೆದ ಮಾತ್ರಕ್ಕೆ ವಾಕ್ಯದ ಅರ್ಥ ಬದಲಾಗುವುದಿಲ್ಲ, ಆದರೆ ಓದುವ ಕಣ್ಣಿಗೆ ದಾರಿ ಸಿಗುತ್ತದೆ. ಕೋಡ್ ಎಡಿಟರ್ ಮಾಡುವುದೂ ಅದನ್ನೇ. ಭಾಷೆಯ ಮೀಸಲು ಪದಗಳಿಗೆ ಒಂದು ಬಣ್ಣ, ಉದ್ಧರಣ ಚಿಹ್ನೆಗಳೊಳಗಿನ ಪಠ್ಯಕ್ಕೆ ಒಂದು ಬಣ್ಣ, ಟಿಪ್ಪಣಿಗೆ ಇನ್ನೊಂದು. ಬಣ್ಣ ಹೋದರೂ ಪ್ರೋಗ್ರಾಮ್ ಎಂದಿನಂತೆಯೇ ಓಡುತ್ತದೆ. ಈ ಒಂದು ಮಾತು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಬರೆಯುತ್ತಿರುವಾಗಲೇ ಬಣ್ಣ ಹಚ್ಚುವ ಎಡಿಟರುಗಳಲ್ಲಿ ಬಹು ಹಿಂದಿನದೊಂದು ಹುಟ್ಟಿದ್ದು ನಿಘಂಟಿನ ಕೆಲಸಕ್ಕಾಗಿ ಎಂಬುದು ನನ್ನಂಥವನಿಗೆ ಸಂತೋಷದ ಸಂಗತಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಕಂಪ್ಯೂಟರಿಗೆ ಅಳವಡಿಸುವ ಕಾರ್ಯಕ್ಕಾಗಿ ಐಬಿಎಂ ಸಂಸ್ಥೆಯ ಮೈಕ್ ಕೌಲಿಷಾ ಅವರು 1985ರಲ್ಲಿ ಅದನ್ನು ರಚಿಸಿದರು. ಅದರ ಹೆಸರು ಲೆಕ್ಸ್.

ಇಂದಿನ ಎಡಿಟರಿನಲ್ಲಿ ಬಣ್ಣ ಹಚ್ಚುವವನು ಒಬ್ಬನಲ್ಲ. ಒಬ್ಬರ ಹಿಂದೊಬ್ಬರು ನಿಂತು ಕೆಲಸ ಮಾಡುವ ನಾಲ್ವರಿದ್ದಾರೆ. ಬಣ್ಣ ಹೋಯಿತೆಂದರೆ ಅವರಲ್ಲಿ ಯಾರು ಕೈಬಿಟ್ಟರು ಎಂದು ಕೇಳಬೇಕೇ ಹೊರತು, ಮನೆಯನ್ನೇ ಕೆಡವಲು ಹೊರಡಬಾರದು.

ಮೊದಲನೆಯವನ ಕೆಲಸ, ಕಡತವು ಯಾವ ಭಾಷೆಯದೆಂದು ಗುರುತಿಸುವುದು. ಇದರ ಮಹತ್ವವನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಚಿಂತಾಮಣಿಯಲ್ಲಿಯೂ ಗೌರಿಬಿದನೂರಿನಲ್ಲಿಯೂ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳಿಗೆ ನಾನು ಪಾಠ ಹೇಳಿದವನು. 'ಪಾಲು' ಎಂದರೆ ಕನ್ನಡದ ಮಗುವಿಗೆ ಹಂಚಿಕೆಯ ಭಾಗ, ತೆಲುಗಿನ ಮಗುವಿಗೆ ಕುಡಿಯುವ ಹಾಲು. ಯಾವ ಭಾಷೆಯೆಂದು ತಿಳಿಯದೆ ಅರ್ಥ ಹೇಳುವುದಾದರೂ ಹೇಗೆ? ಎಡಿಟರು ಸಾಮಾನ್ಯವಾಗಿ ಕಡತದ ಹೆಸರಿನ ಬಾಲವನ್ನು ನೋಡಿ ಭಾಷೆಯನ್ನು ನಿರ್ಧರಿಸುತ್ತದೆ. ಹೆಸರು 'ಡಾಟ್ ಪಿವೈ' ಎಂದು ಮುಗಿದರೆ ಪೈತಾನ್, 'ಡಾಟ್ ಟಿಎಕ್ಸ್‌ಟಿ' ಎಂದು ಮುಗಿದರೆ ಬರಿಯ ಪಠ್ಯ. ವಿಂಡೋಸ್ ಈ ಬಾಲವನ್ನು ತಾನಾಗಿಯೇ ಮರೆಮಾಡಿ ತೋರಿಸುವುದರಿಂದ, ನೋಟ್‌ಪ್ಯಾಡಿನಲ್ಲಿ ಉಳಿಸಿದ ಕಡತಕ್ಕೆ 'ಡಾಟ್ ಪಿವೈ ಡಾಟ್ ಟಿಎಕ್ಸ್‌ಟಿ' ಎಂಬ ಜೋಡಿ ಬಾಲ ಅಂಟಿಕೊಂಡಿದ್ದರೂ ಎಷ್ಟೋ ಮಕ್ಕಳಿಗೆ ತಿಳಿಯುವುದಿಲ್ಲ. ವಿಎಸ್ ಕೋಡ್ ಬಳಸುವವರು ಕೆಳಗಿನ ಪಟ್ಟಿಯ ಬಲತುದಿಯನ್ನು ನೋಡಲಿ. ಅಲ್ಲಿ ಭಾಷೆಯ ಹೆಸರಿನ ಜಾಗದಲ್ಲಿ 'ಪ್ಲೇನ್ ಟೆಕ್ಸ್ಟ್' ಎಂದಿದ್ದರೆ ರೋಗ ಅಲ್ಲಿಯೇ ಸಿಕ್ಕಿತು.

ಎರಡನೆಯವನು ವ್ಯಾಕರಣ ಸೂತ್ರಗಳನ್ನು ಬಾಯಿಪಾಠ ಮಾಡಿದವನು. ವಿಎಸ್ ಕೋಡಿನಲ್ಲಿ ಈ ಕೆಲಸಕ್ಕೆ ಬಳಸುವುದು ಟೆಕ್ಸ್ಟ್‌ಮೇಟ್ ಮಾದರಿಯ ಸೂತ್ರಗಳನ್ನು. 2004ರಲ್ಲಿ ಬಂದ ಆ ಹೆಸರಿನ ಎಡಿಟರಿನಿಂದ ಈ ಪದ್ಧತಿ ಹರಡಿತು. ಸಾಲು ಸಾಲಾಗಿ ಓದುತ್ತ, ಪದದ ಹೊರ ಆಕಾರವನ್ನು ನೋಡಿ ಬಣ್ಣ ಹಚ್ಚುವುದು ಇದರ ಕ್ರಮ. 2018ರಿಂದೀಚೆಗೆ ಬಳಕೆಗೆ ಬಂದ ಟ್ರೀ-ಸಿಟ್ಟರ್ ಎಂಬ ಸಲಕರಣೆ ಇನ್ನೂ ಚೆನ್ನಾಗಿ ವಾಕ್ಯರಚನೆಯನ್ನು ಬಿಡಿಸಿ ನೋಡುತ್ತದೆ. ನಿಯೋವಿಮ್, ಹೀಲಿಕ್ಸ್, ಜೆಡ್ ಮುಂತಾದ ಎಡಿಟರುಗಳಲ್ಲಿ ಅದು ಕೆಲಸ ಮಾಡುತ್ತಿದೆ. ಆದರೆ ಇವೆರಡೂ ಕಾಣುವುದು ಬರಹದ ರೂಪವನ್ನು ಮಾತ್ರ. 'ಮಗು, ಆಡಿನ ಜೊತೆ ಆಡು' ಎಂಬ ವಾಕ್ಯದಲ್ಲಿ ಒಂದು 'ಆಡು' ಪ್ರಾಣಿ, ಇನ್ನೊಂದು ಕ್ರಿಯೆ. 'ಆಡು' ಎಂಬ ಪದವನ್ನಷ್ಟೇ ಹಲಗೆಯ ಮೇಲೆ ಬರೆದರೆ ಅದು ಎರಡರಲ್ಲಿ ಯಾವುದೆಂದು ಯಾವ ಸೂತ್ರವೂ ಹೇಳಲಾರದು. ಪ್ರೋಗ್ರಾಮಿನಲ್ಲಿಯೂ 'ದರ' ಎಂಬ ಹೆಸರು ಒಂದೆಡೆ ಸಂಖ್ಯೆಯನ್ನು ಹೊತ್ತಿರುತ್ತದೆ, ಇನ್ನೊಂದೆಡೆ ಲೆಕ್ಕ ಮಾಡಿಕೊಡುವ ಕಾರ್ಯವಾಗಿರುತ್ತದೆ. ಸೂತ್ರದವನಿಗೆ ಅದು ಬರಿಯ ಹೆಸರು, ಅಷ್ಟೆ.

ಇಲ್ಲಿ ಮೂರನೆಯವನ ಪ್ರವೇಶವಾಗುತ್ತದೆ. ಅವನೇ ಲ್ಯಾಂಗ್ವೇಜ್ ಸರ್ವರ್. ಇವನು ಎಡಿಟರಿನ ಒಳಗಿನವನಲ್ಲ, ಹೊರಗೆ ಪ್ರತ್ಯೇಕವಾಗಿ ನಡೆಯುವ ಇನ್ನೊಂದು ಪ್ರೋಗ್ರಾಮ್. ಹಿಂದೆ ಪ್ರತಿಯೊಂದು ಎಡಿಟರೂ ಪ್ರತಿಯೊಂದು ಭಾಷೆಗೂ ಬೇರೆ ಬೇರೆ ಪಂಡಿತನನ್ನು ಸಾಕಬೇಕಾಗಿತ್ತು. ಹತ್ತು ಎಡಿಟರು, ಹತ್ತು ಭಾಷೆ ಎಂದರೆ ನೂರು ಪಂಡಿತರು. ಒಂದು ಭಾಷೆಗೆ ಒಬ್ಬನೇ ಪಂಡಿತನಿದ್ದು ಎಲ್ಲ ಎಡಿಟರುಗಳೂ ಅವನೊಡನೆ ಒಂದೇ ಬಗೆಯಲ್ಲಿ ಮಾತಾಡುವಂತಾದರೆ ಇಪ್ಪತ್ತು ಸಾಕು. ಈ ಮಾತುಕತೆಯ ಒಪ್ಪಂದವೇ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್. ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಸಂಸ್ಥೆಗಳು ಇದನ್ನು 2016ರ ಜೂನ್ ತಿಂಗಳಲ್ಲಿ ಪ್ರಕಟಿಸಿದವು. ಪದದ ಅರ್ಥವನ್ನರಿತು ಬಣ್ಣದ ವಿವರವನ್ನು ಕೊಡುವ ಏರ್ಪಾಡು ಈ ಒಪ್ಪಂದಕ್ಕೆ ಸೇರಿದ್ದು 2020ರ ಕೊನೆಯಲ್ಲಿ ಬಂದ 3.16ನೆಯ ಆವೃತ್ತಿಯಲ್ಲಿ.

ಆದ್ದರಿಂದ ಸರ್ವರ್ ಇದ್ದ ಮಾತ್ರಕ್ಕೆ ಬಣ್ಣ ಬಂದೇ ತೀರಬೇಕೆಂದಿಲ್ಲ. ಎಡಿಟರು ಮತ್ತು ಸರ್ವರ್ ಮೊದಲು ಪರಸ್ಪರ ಪರಿಚಯ ಮಾಡಿಕೊಳ್ಳುತ್ತವೆ. ಆಗ ಸರ್ವರ್ ತನಗೆ ಬರುವ ವಿದ್ಯೆಗಳ ಪಟ್ಟಿಯನ್ನು ಒಪ್ಪಿಸುತ್ತದೆ. ತಪ್ಪು ತೋರಿಸಬಲ್ಲೆ, ಪದವನ್ನು ಪೂರ್ತಿ ಮಾಡಬಲ್ಲೆ ಎಂದು ಹೇಳಿ, ಬಣ್ಣದ ವಿಚಾರವನ್ನೇ ಎತ್ತದ ಸರ್ವರುಗಳೂ ಇವೆ. ಸಿ ಭಾಷೆಯ ಕ್ಲ್ಯಾಂಗ್‌ಡಿ, ರಸ್ಟ್ ಭಾಷೆಯ ರಸ್ಟ್-ಅನಲೈಜರ್ ಬಣ್ಣದ ವಿವರವನ್ನೂ ಕೊಡುವಂಥವು. ಪಟ್ಟಿಯಲ್ಲಿಲ್ಲದ ವಿದ್ಯೆಯನ್ನು ಸರ್ವರಿನಿಂದ ನಿರೀಕ್ಷಿಸುವುದು ಸಲ್ಲದು. ಕೆಲವೊಮ್ಮೆ ಸರ್ವರ್ ಹೊರಟೇ ಇರುವುದಿಲ್ಲ. ವಿಎಸ್ ಕೋಡ್ ಹೊಸ ಫೋಲ್ಡರನ್ನು ತೆರೆಯುವಾಗ, ಇದನ್ನು ಬರೆದವರನ್ನು ನಂಬುವಿರಾ ಎಂದು ಕೇಳುವ ಪದ್ಧತಿ 2021ರಲ್ಲಿ ಬಂತು. ಆಗ ಇಲ್ಲವೆಂದು ಒತ್ತಿದ್ದರೆ ಅನೇಕ ಎಕ್ಸ್‌ಟೆನ್ಷನ್‌ಗಳು ನಿಷ್ಕ್ರಿಯವಾಗಿಯೇ ಉಳಿಯುತ್ತವೆ.

ನಾಲ್ಕನೆಯವನು ಥೀಮ್, ಅಂದರೆ ಬಣ್ಣದ ಡಬ್ಬಿ. ಇದು ಕರ್ತೃ, ಇದು ಕ್ರಿಯೆ ಎಂದು ಮೂವರೂ ಸರಿಯಾಗಿ ಹೇಳಿದರೂ ಡಬ್ಬಿಯಲ್ಲಿ ಆ ಬಗೆಗೆ ಬೇರೆ ಬಣ್ಣವಿಲ್ಲದಿದ್ದರೆ ಎಲ್ಲವೂ ಒಂದೇ ಬಗೆಯಾಗಿ ಕಾಣುತ್ತವೆ. ವಿಎಸ್ ಕೋಡಿನಲ್ಲಿ ಸರ್ವರಿನ ಬಣ್ಣವನ್ನು ಒಪ್ಪಬೇಕೋ ಬೇಡವೋ ಎಂಬುದನ್ನು ಥೀಮಿನ ಇಚ್ಛೆಗೇ ಬಿಟ್ಟಿರುತ್ತಾರೆ. ಬೇಕಾದವರು ಸೆಟ್ಟಿಂಗಿನಲ್ಲಿ 'ಸೆಮ್ಯಾಂಟಿಕ್ ಹೈಲೈಟಿಂಗ್' ಎಂಬುದನ್ನು ಹುಡುಕಿ ಬದಲಾಯಿಸಿಕೊಳ್ಳಬಹುದು. ಥೀಮ್ ಬದಲಾಯಿಸಿದೊಡನೆ ಬಣ್ಣ ಬಂದರೆ, ದೋಷ ಇಲ್ಲಿದೆಯೆಂದು ತಿಳಿಯಬೇಕು.

ಇಷ್ಟನ್ನು ಹೇಳುವಾಗ ನನಗೆ ಡಾ. ಎಚ್. ನರಸಿಂಹಯ್ಯನವರ ನೆನಪಾಗುತ್ತದೆ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಭೌತಶಾಸ್ತ್ರದ ಮೇಷ್ಟ್ರಾಗಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ಮನ್ನು ಕಟ್ಟಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿಯೊಂದನ್ನು ನೇಮಿಸಿದವರು ಅವರು. 2005ರಲ್ಲಿ ತೀರಿಕೊಂಡರು. ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬಾರದೆಂಬುದು ಅವರ ಬಾಳಿನ ಪಾಠ. ಕಂಪ್ಯೂಟರಿನ ಮುಂದೆಯೂ ಪವಾಡವನ್ನು ನಂಬುವವರು ನಮ್ಮಲ್ಲಿ ಬಹಳ. ಆರಿಸಿ ಹೊತ್ತಿಸುವುದು, ತೆಗೆದು ಮತ್ತೆ ಹಾಕುವುದು, ಕೊನೆಗೆ ಫಾರ್ಮ್ಯಾಟ್ ಮಾಡುವುದು, ಇವೆಲ್ಲ ಪ್ರಶ್ನೆ ಕೇಳದೆ ಹಾಕುವ ಮಂತ್ರಗಳು. ಒಮ್ಮೊಮ್ಮೆ ಫಲಿಸುತ್ತವೆ ನಿಜ. ಏಕೆ ಫಲಿಸಿತೆಂದು ಮಾತ್ರ ತಿಳಿಯುವುದಿಲ್ಲ.

ಇನ್ನು ಆ ಹುಡುಗಿಯ ಸಂಗತಿಗೆ ಬರೋಣ. ಅವಳ ಲ್ಯಾಪ್‌ಟಾಪ್ ಹಳೆಯದಾದ್ದರಿಂದ ಹಗುರವಾದ ಎಡಿಟರೊಂದನ್ನು ಬಳಸುತ್ತಿದ್ದಳು. ನಾವು ನಾಲ್ವರನ್ನೂ ಒಬ್ಬೊಬ್ಬರಾಗಿ ವಿಚಾರಿಸಿದೆವು. ಕಡತದ ಬಾಲ ಸರಿಯಾಗಿತ್ತು. ವ್ಯಾಕರಣ ಸೂತ್ರಗಳ ಕಟ್ಟನ್ನು ಅವಳು ಹಾಕಿಕೊಂಡೇ ಇರಲಿಲ್ಲವಾದ್ದರಿಂದ ಬಣ್ಣದ ಹೊಣೆಯೆಲ್ಲ ಸರ್ವರಿನ ಮೇಲಿತ್ತು. ಸರ್ವರ್ ನಡೆಯುತ್ತಿತ್ತು, ಬಣ್ಣದ ವಿದ್ಯೆ ತನಗೆ ಬರುತ್ತದೆಂದು ಹೇಳಿಯೂ ಇತ್ತು. ಥೀಮ್ ಬದಲಾಯಿಸಿದರೂ ವ್ಯತ್ಯಾಸವಾಗಲಿಲ್ಲ. ಎಲ್ಲರೂ ಹಾಜರಿದ್ದಾರೆ, ಆದರೂ ಕೆಲಸ ಕೆಟ್ಟಿದೆ!

ಆಗ ಕೆಟ್ಟ ಸಾಲುಗಳನ್ನೇ ಎದುರಿಗಿಟ್ಟುಕೊಂಡು ನೋಡಿದೆವು. ಊರಿನ ಹೆಸರು ಕನ್ನಡದಲ್ಲಿದ್ದ ಸಾಲುಗಳಲ್ಲಿ ಮಾತ್ರ, ಆ ಹೆಸರಿನ ಮುಂದಿನ ಭಾಗಕ್ಕೆ ಬಣ್ಣವಿಲ್ಲ. "ನೋಡಿ ತಾತ, ಕನ್ನಡದ್ದೇ ತೊಂದರೆ" ಎಂದಳು. ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ತೋರಿಸಿದಳು. ಬಣ್ಣ ಮರಳಿ ಬಂತು. ಆದರೆ ಅವಳ ಕಡತದಲ್ಲಿ ಕನ್ನಡದ ಟಿಪ್ಪಣಿಗಳೂ ಇದ್ದವು. ಅವು ತಮ್ಮ ಬಣ್ಣದಲ್ಲಿಯೇ ನೆಮ್ಮದಿಯಾಗಿದ್ದವು. "ಅಮ್ಮಾ, ಕನ್ನಡದ್ದೇ ತಪ್ಪಾದರೆ ಇವೇಕೆ ಕೆಡಲಿಲ್ಲ?" ಎಂದು ಕೇಳಿದೆ. ಜೊತೆಗೆ ಬಂದಿದ್ದ ಅವಳ ತಂದೆ ಅದುವರೆಗೆ ಸುಮ್ಮನೆ ಕುಳಿತಿದ್ದವನು, "ಸಾರ್, ನೂಲು ಸರಿಯಾಗಿ ಬಿಚ್ಚಿಕೊಳ್ಳದಿದ್ದರೆ ನಾವು ಮೊದಲು ಗೂಡನ್ನು ಬೈಯುವುದಿಲ್ಲ, ಬೇಯಿಸಿದ ನೀರಿನ ಕಾವು ನೋಡುತ್ತೇವೆ" ಎಂದ. ಅನುಭವಸ್ಥನ ಮಾತು.

ಕನ್ನಡವನ್ನು ತೆಗೆದು ತೆಲುಗು ಲಿಪಿಯಲ್ಲಿ ಹೆಸರು ಬರೆಸಿದೆ. ಅದೇ ತೊಂದರೆ. ತಲೆಯ ಮೇಲೆ ಗೆರೆಯಿರುವ ಫ್ರೆಂಚ್ ಭಾಷೆಯ ಅಕ್ಷರವೊಂದನ್ನು ಇಂಗ್ಲಿಷ್ ಪದದ ನಡುವೆ ಸೇರಿಸಿದಾಗ ಮುಂದಿನ ಪದದ ಬಣ್ಣ ಒಂದೇ ಒಂದು ಸ್ಥಾನ ಬಲಕ್ಕೆ ಜರುಗಿ ಕುಳಿತಿತು. ಆಗ ಗುಟ್ಟು ರಟ್ಟಾಯಿತು. ಬಣ್ಣ ಮಾಯವಾಗಿರಲಿಲ್ಲ, ಜರುಗಿತ್ತು! ಕನ್ನಡದ ಸಾಲುಗಳಲ್ಲಿ ಅದು ಬಹು ದೂರ ಜರುಗಿ, ಸಾಲಿನ ತುದಿಯನ್ನೇ ದಾಟಿ, ಯಾರಿಗೂ ಕಾಣದಾಗಿತ್ತು.

ಸರ್ವರ್ ಬಣ್ಣವನ್ನು ತಾನೇ ಹಚ್ಚುವುದಿಲ್ಲ. ಹಿಂದಿನ ಗುರುತಿನಿಂದ ಇಷ್ಟು ಸ್ಥಾನ ಮುಂದೆ ಹೋಗು, ಅಲ್ಲಿಂದ ಇಷ್ಟು ಉದ್ದಕ್ಕೆ ಇಂಥ ಬಗೆಯ ಪದವಿದೆ ಎಂದು ಅಂಕಿಗಳಲ್ಲಿ ಹೇಳಿ ಕಳುಹಿಸುತ್ತದೆ. ಎಡಿಟರು ಆ ಅಂಕಿಗಳಂತೆ ಎಣಿಸಿಕೊಂಡು ಹೋಗಿ ಬಣ್ಣ ಹಚ್ಚುತ್ತದೆ. ಎಣಿಸುವ ಮಾನ ಇಬ್ಬರಲ್ಲಿಯೂ ಒಂದೇ ಆಗಿರಬೇಕು. ಒಬ್ಬ ಸೇರಿನಲ್ಲಿ ಅಳೆದದ್ದನ್ನು ಇನ್ನೊಬ್ಬ ಕಿಲೋ ಎಂದು ತಿಳಿದರೆ ವ್ಯಾಪಾರ ಕೆಡುತ್ತದೆಯಷ್ಟೆ?

'ಚಿಂತಾಮಣಿ' ಎಂಬ ಹೆಸರನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡಿನಲ್ಲಿ ಗುಣಿತದ ಚಿಹ್ನೆ, ಸೊನ್ನೆ ಎಲ್ಲವೂ ಪ್ರತ್ಯೇಕವಾದ್ದರಿಂದ ಅದು 8 ಸಂಕೇತಗಳು. ಯುಟಿಎಫ್-16 ಎಂಬ ಮಾನದಲ್ಲಿಯೂ 8. ಆದರೆ ಕಡತಗಳನ್ನು ಉಳಿಸಲು ಬಳಸುವ ಯುಟಿಎಫ್-8 ಮಾನದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಒಟ್ಟು 24. ಶಿಡ್ಲಘಟ್ಟವೂ ಕಣ್ಣಿಗೆ 4 ಅಕ್ಷರವೇ, ಒತ್ತಕ್ಷರಗಳಿರುವುದರಿಂದ 9 ಸಂಕೇತ, 27 ಬೈಟ್. ಗೌರಿಬಿದನೂರು 6 ಅಕ್ಷರ, 11 ಸಂಕೇತ, 33 ಬೈಟ್. ಚಿಕ್ಕಬಳ್ಳಾಪುರ 6 ಅಕ್ಷರ, 13 ಸಂಕೇತ, 39 ಬೈಟ್. ಇಂಗ್ಲಿಷಿನ ಸಾದಾ ಅಕ್ಷರವಾದರೋ ಯಾವ ಮಾನದಲ್ಲಿ ಎಣಿಸಿದರೂ ಒಂದೇ. ಆದ್ದರಿಂದಲೇ ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಈ ದೋಷ ಎಂದಿಗೂ ಕಾಣುವುದಿಲ್ಲ.

ಲ್ಯಾಂಗ್ವೇಜ್ ಸರ್ವರ್ ಒಪ್ಪಂದದಲ್ಲಿ ಬೇರೆ ಮಾತಾಗದಿದ್ದರೆ ಯುಟಿಎಫ್-16ರಲ್ಲಿಯೇ ಎಣಿಸಬೇಕೆಂಬ ನಿಯಮವಿದೆ. 2022ರ 3.17ನೆಯ ಆವೃತ್ತಿಯಿಂದ, ಪರಿಚಯದ ವೇಳೆಯಲ್ಲಿಯೇ ಬೇರೆ ಮಾನವನ್ನು ಗೊತ್ತುಮಾಡಿಕೊಳ್ಳುವ ಅವಕಾಶವಿದೆ. ಅವಳ ಸರ್ವರಿನ ದಿನಚರಿಯನ್ನು ತೆರೆದು ನೋಡಿದೆವು. ಸರ್ವರ್ ಮಾನದ ಬಗ್ಗೆ ಏನನ್ನೂ ಹೇಳಿರಲಿಲ್ಲ. ಹೇಳದಿದ್ದರೆ ಯುಟಿಎಫ್-16 ಎಂದೇ ಅರ್ಥ. ಅದು ಎಣಿಸಿದ್ದು ಮಾತ್ರ ಬೈಟುಗಳನ್ನು. ಚಿಂತಾಮಣಿಯ ಸಾಲಿನಲ್ಲಿ ಬಣ್ಣ 16 ಸ್ಥಾನ, ಶಿಡ್ಲಘಟ್ಟದ ಸಾಲಿನಲ್ಲಿ 18, ಗೌರಿಬಿದನೂರಿನದರಲ್ಲಿ 22, ಚಿಕ್ಕಬಳ್ಳಾಪುರದ್ದರಲ್ಲಿ 26 ಸ್ಥಾನ ಜರುಗಬೇಕೆಂದು ಅವಳು ಕಾಗದದ ಮೇಲೆ ಲೆಕ್ಕ ಹಾಕಿದಳು. ಸಾಲುಗಳನ್ನು ಬೇಕೆಂದೇ ಉದ್ದ ಮಾಡಿ ನೋಡಿದಾಗ ಬಣ್ಣ ಅಷ್ಟಷ್ಟೇ ದೂರದಲ್ಲಿ ಕುಳಿತಿತ್ತು. ಟಿಪ್ಪಣಿಯ ಸಾಲಿನಲ್ಲಿ ಕನ್ನಡದ ಮುಂದೆ ಬೇರೇನೂ ಇಲ್ಲದ್ದರಿಂದ, ಜರುಗಲು ಅಲ್ಲಿ ಯಾವುದೂ ಇರಲಿಲ್ಲ. ಹೊಸ ಸಾಲಿನಲ್ಲಿ ಎಣಿಕೆ ಹೊಸದಾಗಿ ಆರಂಭವಾಗುವುದರಿಂದ ಒಂದು ಸಾಲಿನ ತಪ್ಪು ಇನ್ನೊಂದಕ್ಕೆ ತಗಲುತ್ತಿರಲಿಲ್ಲ. ಎಲ್ಲವೂ ಲೆಕ್ಕಕ್ಕೆ ಸರಿಹೊಂದಿತು.

ಆ ದಿನದ ಮಟ್ಟಿಗೆ ಸರ್ವರಿನ ಬಣ್ಣವನ್ನು ನಿಲ್ಲಿಸಿ, ವ್ಯಾಕರಣ ಸೂತ್ರಗಳ ಕಟ್ಟನ್ನು ಹಾಕಿಕೊಂಡು ಅವಳು ಕೆಲಸ ಮುಂದುವರಿಸಿದಳು. ರಾತ್ರಿ ಕುಳಿತು ನಾಲ್ಕು ಊರುಗಳ ನಾಲ್ಕು ಸಾಲುಗಳನ್ನೂ, ಜರುಗಿದ ಸ್ಥಾನಗಳ ಲೆಕ್ಕವನ್ನೂ ಬರೆದು ಆ ಸರ್ವರನ್ನು ರಚಿಸಿದವರಿಗೆ ಕಳುಹಿಸಿದಳು. ಮುಂದೆ ಬಂದ ಆವೃತ್ತಿಯಲ್ಲಿ ದೋಷ ನಿವಾರಣೆಯಾಗಿತ್ತು. ಅವರು ತಮ್ಮ ಪರೀಕ್ಷೆಯ ಕಡತಕ್ಕೆ ಅವಳ ಸಾಲುಗಳನ್ನೇ ಸೇರಿಸಿಕೊಂಡಿದ್ದಾರಂತೆ. ಯಾವುದೋ ದೇಶದಲ್ಲಿ ಕುಳಿತವರ ಕಡತದಲ್ಲಿ ನಮ್ಮ ಶಿಡ್ಲಘಟ್ಟ ಒತ್ತಕ್ಷರಗಳ ಸಮೇತ ಕುಳಿತಿದೆ. ಅವಳ ಪ್ರೋಗ್ರಾಮು ಕನ್ನಡದಲ್ಲಿಯೇ ಪರೀಕ್ಷೆಗೆ ಹೋಯಿತು.

ನಿಮ್ಮಲ್ಲಿ ಈ ಕೆಲಸದಲ್ಲಿರುವವರಿಗೂ, ನಿಮ್ಮ ಮಕ್ಕಳಿಗೂ ನಾನು ಹೇಳಬೇಕಾದದ್ದು ಇಷ್ಟೆ. ಬಣ್ಣ ಹೋದಾಗ ಕ್ರಮವಾಗಿ ಕೇಳಿ: ಭಾಷೆಯನ್ನು ಗುರುತಿಸಿದೆಯೇ? ಸೂತ್ರಗಳ ಕಟ್ಟು ಇದೆಯೇ? ಸರ್ವರ್ ನಡೆಯುತ್ತಿದೆಯೇ, ಬಣ್ಣದ ವಿದ್ಯೆ ಅದಕ್ಕಿದೆಯೇ? ಥೀಮ್ ಅದನ್ನು ಒಪ್ಪುತ್ತದೆಯೇ? ಎಲ್ಲವೂ ಸರಿಯಾಗಿದ್ದೂ ಕೆಟ್ಟಿದ್ದರೆ, ಇಬ್ಬರ ಅಳತೆಯ ಮಾನ ಒಂದೇ ಆಗಿದೆಯೇ? ಸರ್ವರಿನ ದಿನಚರಿಯನ್ನು ಓದುವುದಕ್ಕೆ ಅಂಜಬೇಡಿ. ಕೈಬರಹ ಕೆಟ್ಟ ಉತ್ತರ ಪತ್ರಿಕೆಗಿಂತ ಅದೇನೂ ಕಠಿಣವಲ್ಲ.

ಕೊನೆಯದಾಗಿ ಒಂದು ಮಾತು. ಒಂದು ವಸ್ತುವನ್ನು ತೆಗೆದಾಗ ತೊಂದರೆ ನಿಂತರೆ, ಆ ವಸ್ತುವಿಗೂ ತೊಂದರೆಗೂ ನಂಟಿದೆಯೆಂದು ಮಾತ್ರ ಸಿದ್ಧವಾಗುತ್ತದೆ. ಅದೇ ಅಪರಾಧಿಯೆಂದು ಸಿದ್ಧವಾಗುವುದಿಲ್ಲ. ಕನ್ನಡವನ್ನು ತೆಗೆದರೆ ಬಣ್ಣ ಬರುತ್ತದೆ ಎಂಬುದು ನಿಜವಾಗಿತ್ತು. ಕನ್ನಡದ್ದೇ ತಪ್ಪು ಎಂಬುದು ಸುಳ್ಳಾಗಿತ್ತು. ಈ ಎರಡು ವಾಕ್ಯಗಳ ನಡುವಿನ ಅಂತರವನ್ನು ಅರಿತವರು ಯಾವ ಊರಿನಿಂದ ಹೋದರೂ, ಯಾವ ಭಾಷೆಯಲ್ಲಿ ಓದಿದ್ದರೂ, ಕೆಲಸಕ್ಕೆ ಬರುತ್ತಾರೆ. ನಿಮ್ಮ ಅನುಭವಗಳಿದ್ದರೆ ಬರೆದು ತಿಳಿಸಿ, ನನಗೆ ಕಲಿಯಲು ಇನ್ನೂ ಬಹಳವಿದೆ.